ಬಕೆಟ್ ಸ್ನಾನಕ್ಕೂ ಬಂತು ‘ಬಾತ್ ಬಾಂಬ್’

ಚೆನ್ನೈ: ದೀಪಾವಳಿಯ ಬೆಳಿಗ್ಗೆ ಈ ಊರಿನಲ್ಲಿ ಎದುರುಮನೆಯವರು ಕೇಳುವ ಮೊದಲ ಮಾತು ‘ಗಂಗಾ ಸ್ನಾನಂ ಆಚ್ಚಾ?’ ಎಂಬುದು. ಎಣ್ಣೆ ಹಚ್ಚಿಕೊಂಡು, ಸೀಗೆಪುಡಿ ತಿಕ್ಕಿ, ಬಿಸಿನೀರು ಎರೆದುಕೊಂಡ ಮೇಲೆಯೇ ಹೊಸ ಬಟ್ಟೆ, ಪಟಾಕಿ. ಈ ಪದ್ಧತಿ ಇಲ್ಲಿನ ತಮಿಳರಿಗೂ ಕನ್ನಡಿಗರಿಗೂ ಸಮಾನ. ಈಗ ಪಟಾಕಿಯಂಥ ಹೆಸರಿನ ವಸ್ತುವೊಂದು ಬಚ್ಚಲುಮನೆಯೊಳಗೇ ಕಾಲಿಟ್ಟಿದೆ. ಅದೇ ‘ಬಾತ್ ಬಾಂಬ್’.

ಹೆಸರು ಕೇಳಿ ಹೆದರಬೇಕಾಗಿಲ್ಲ. ನೋಡಲು ರವೆ ಉಂಡೆಯಂತಿರುತ್ತದೆ. ನೀರಿಗೆ ಹಾಕಿದೊಡನೆ ಬುಸ್ಸೆಂದು ನೊರೆಯೆಬ್ಬಿಸಿ, ಪರಿಮಳ ಬಿಟ್ಟು ಎರಡು ಮೂರು ನಿಮಿಷದಲ್ಲಿ ಕರಗಿಹೋಗುತ್ತದೆ. ದೊಡ್ಡ ಅಂಗಡಿಗಳಲ್ಲಿ ಇದರ ಬೆಲೆ ನೋಡಿದ ಗೃಹಿಣಿಯರು, ಒಳಗಿರುವುದು ಅಡಿಗೆಮನೆಯದೇ ಸಾಮಾನು ಎಂದು ತಿಳಿದ ಮೇಲೆ ಸುಮ್ಮನಿರುವುದುಂಟೇ? ರಜೆಯಲ್ಲಿ ಮಕ್ಕಳ ಕೈಕೆಲಸವಾಗಿ, ಹಬ್ಬದ ಉಡುಗೊರೆಯಾಗಿ ಇದನ್ನು ಮನೆಯಲ್ಲೇ ಕಟ್ಟುವವರಿದ್ದಾರೆ. ಮಾರಾಟಕ್ಕಿಟ್ಟರೆ ಹೇಗೆ ಎಂದು ಯೋಚಿಸುವವರೂ ಇದ್ದಾರೆ. ಆದರೆ ಇಂಗ್ಲೆಂಡಿನ ಬಚ್ಚಲಿಗೆಂದು ಹುಟ್ಟಿದ ಈ ಉಂಡೆ ಚೆನ್ನೈನ ಗಾಳಿಗೂ ನೀರಿಗೂ ಒಗ್ಗಬೇಕಾದರೆ ಕೆಲವು ಬದಲಾವಣೆ ಅಗತ್ಯ.

ಇದರ ಮೂಲ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ. ಮೋ ಕಾನ್‌ಸ್ಟಂಟೈನ್ ಎಂಬ ಮಹಿಳೆ 1989ರಲ್ಲಿ ತಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಇದನ್ನು ತಯಾರಿಸಿದರು. ನೀರಿನಲ್ಲಿ ನೊರೆಯುಕ್ಕಿಸುವ ಆಲ್ಕಾ ಸೆಲ್ಟ್ಜರ್ ಮಾತ್ರೆಯೇ ಅದಕ್ಕೆ ಪ್ರೇರಣೆ. 1995ರಲ್ಲಿ ಅವರೂ ಅವರ ಪತಿಯೂ ಇತರರೊಡನೆ ಸೇರಿ ಆರಂಭಿಸಿದ ‘ಲಷ್’ ಕಂಪನಿ ಅದನ್ನು ಜಗತ್ತಿಗೆಲ್ಲ ಹಬ್ಬಿಸಿತು.

ಒಳಗಿನ ಗುಟ್ಟು ನಮಗೆ ಹೊಸದಲ್ಲ. ಹೊಟ್ಟೆಯುಬ್ಬರಕ್ಕೆ ಕುಡಿಯುವ ಈನೋ ಲೋಟದಲ್ಲಿ ಉಕ್ಕುವುದೂ, ದಿಢೀರ್ ರವೆ ಇಡ್ಲಿಯ ಹಿಟ್ಟು ಉಬ್ಬುವುದೂ ಇದೇ ಕಾರಣದಿಂದ. ಅಡಿಗೆ ಸೋಡಾ ಮತ್ತು ಹುಳಿ ನೀರಿನಲ್ಲಿ ಕೂಡಿದಾಗ ಇಂಗಾಲದ ಡೈ ಆಕ್ಸೈಡ್ ಅನಿಲ ಹೊರಡುತ್ತದೆ. ಒಣಗಿರುವಷ್ಟು ಹೊತ್ತು ಎರಡೂ ತಣ್ಣಗೆ ಪಕ್ಕಪಕ್ಕದಲ್ಲಿರುತ್ತವೆ.

ಸೋಡಾ ಎಷ್ಟು, ಹುಳಿ ಎಷ್ಟು?

ಸಾಮಾನ್ಯವಾಗಿ ಎಲ್ಲರೂ ಹೇಳುವ ಅಳತೆ ಎರಡು ಪಾಲು ಸೋಡಾಕ್ಕೆ ಒಂದು ಪಾಲು ಸಿಟ್ರಿಕ್ ಆಸಿಡ್. ಲೆಕ್ಕ ಹಾಕಿ ನೋಡಿದರೆ 100 ಗ್ರಾಂ ಸಿಟ್ರಿಕ್ ಆಸಿಡ್‌ಗೆ ಸುಮಾರು 130 ಗ್ರಾಂ ಸೋಡಾ ಸಾಕು. 200 ಗ್ರಾಂ ಹಾಕಿದರೆ 70 ಗ್ರಾಂನಷ್ಟು ಸೋಡಾ ಕೆಲಸವಿಲ್ಲದೆ ನೀರಿನಲ್ಲೇ ಉಳಿಯುತ್ತದೆ. ಚರ್ಮದ ಸಹಜ ಗುಣ ತುಸು ಹುಳಿ, ಸೋಡಾದ್ದು ಕ್ಷಾರ. ಒಣಚರ್ಮದವರಿಗೆ ಉರಿ, ತುರಿಕೆ ಬರುವುದುಂಟು. ಆದ್ದರಿಂದ 150 ಗ್ರಾಂ ಸೋಡಾಕ್ಕೆ 100 ಗ್ರಾಂ ಸಿಟ್ರಿಕ್ ಆಸಿಡ್ ಎಂದಿಟ್ಟುಕೊಂಡರೆ ಲೆಕ್ಕವೂ ಸರಿ, ಮೈಗೂ ಹಿತ. ಚಮಚದ ಅಂದಾಜು ಬೇಡ, ತಕ್ಕಡಿಯಲ್ಲೇ ತೂಗಬೇಕು.

ಇಲ್ಲಿನ ಅಂಗಡಿಗಳಲ್ಲಿ ಅಡಿಗೆ ಸೋಡಾಕ್ಕೆ ‘ಆಪ್ಪ ಸೋಡಾ’ ಎಂದೇ ಹೆಸರು. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ, ಅದು ಚರ್ಮವನ್ನು ಸುಡುವಂಥದ್ದು. ಬೇಕಿಂಗ್ ಪೌಡರ್ ಕೂಡ ಇದಲ್ಲ. ಸಿಟ್ರಿಕ್ ಆಸಿಡ್ ನಿಂಬೆ ಉಪ್ಪು ಎಂಬ ಹೆಸರಿನಲ್ಲಿ ಹರಳಾಗಿ ಸಿಗುತ್ತದೆ. ಅದನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಳ್ಳಬೇಕು. ಮುಚ್ಚಳ ತೆಗೆಯುವಾಗ ಪುಡಿ ಹಾರಿ ಮೂಗು, ಕಣ್ಣು ಉರಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಮುಖ ದೂರವಿಟ್ಟು ತೆಗೆಯುವುದು ಒಳ್ಳೆಯದು. ಈ ಕೆಲಸ ಮಕ್ಕಳ ಕೈಗೆ ಬೇಡ.

ಎರಡನ್ನೂ ಜರಡಿ ಹಿಡಿದು 50 ಗ್ರಾಂ ಕಾರ್ನ್‌ಫ್ಲೋರ್ ಸೇರಿಸಿ. ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ಕೈಯಲ್ಲಿ ಚೆನ್ನಾಗಿ ಉಜ್ಜಿ. ಕೈಯಲ್ಲಿ ಗಾಯವಿದ್ದರೆ ಉರಿಯುವುದರಿಂದ ಗ್ಲೌಸ್ ಹಾಕಿಕೊಳ್ಳುವುದು ಕ್ಷೇಮ. ಹದ ಯಾವುದು? ತಂಬಿಟ್ಟು ಕಟ್ಟಿದವರಿಗೆ ಹೇಳಿಕೊಡಬೇಕಾಗಿಲ್ಲ. ಮುಷ್ಟಿಯಲ್ಲಿ ಒತ್ತಿದರೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಸಾಲದಿದ್ದರೆ ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ಮಾತ್ರ ಚಿಮುಕಿಸಬೇಕು. ಇಲ್ಲಿ ನೀರು ಶತ್ರು. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಆದರೆ ನೊರೆಯೇಳದೆ ಆರಿಹೋಗುತ್ತದೆ. ಆದರೆ ಅದಕ್ಕೆ ಬೆಂಕಿ ತಾಗಬಾರದು, ಒಲೆ, ದೀಪ ದೂರವಿರಲಿ.

ಅಚ್ಚಿಗೆ ಪ್ಲಾಸ್ಟಿಕ್ ಐಸ್ ಟ್ರೇ ಸಾಕು. ಗುಳಿಯಪ್ಪದ ಬಾಣಲೆ ಆಕಾರಕ್ಕೇನೋ ಚೆನ್ನ, ಆದರೆ ಕಬ್ಬಿಣ, ಅಲ್ಯುಮಿನಿಯಂಗಳಿಗೆ ಹುಳಿ ಆಗದು. ಇದೇ ಕಾರಣಕ್ಕೆ ಅಜ್ಜಿಯ ಕಾಲದ ತಾಮ್ರದ ಹಂಡೆಗೂ ಈ ಉಂಡೆಯನ್ನು ಹಾಕಬಾರದು. ಒತ್ತಿ ತುಂಬಿದ ಮೇಲೆ ಒಂದು ದಿನ ಅಲುಗಿಸದೆ ಬಿಟ್ಟರೆ ಗಟ್ಟಿಯಾಗುತ್ತದೆ. ಪೂರ್ತಿ ಒಣಗುವ ಮೊದಲೇ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಒಳಗೆ ಅನಿಲ ಕೂಡಿ ಮುಚ್ಚಳ ಸಿಡಿದೀತು. ಆಗ ಹೆಸರಿಗೆ ತಕ್ಕ ಬಾಂಬ್ ಆದೀತು!

ಗಂಧ ಯಾವುದು, ಬಣ್ಣ ಯಾವುದು?

ಪರಿಮಳವೆಂದರೆ ಕನ್ನಡಿಗರ ಮೂಗು ಮೊದಲು ಹುಡುಕುವುದು ಶ್ರೀಗಂಧವನ್ನು. ಮೊದಲ ಮಹಾಯುದ್ಧದಿಂದ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ಹಾಗೂ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ಎಸ್.ಜಿ. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ವಿದ್ಯೆ ಕಲಿತು ಬಂದು ಆ ಎಣ್ಣೆಯನ್ನು ಸಾಬೂನಿಗೆ ಇಳಿಸಿದರು. ‘ಸೋಪ್ ಶಾಸ್ತ್ರಿ’ ಎಂಬ ಹೆಸರು ಅವರಿಗೆ ಬಂದದ್ದು ಹಾಗೆ. ಆದರೆ ಇಂದು ಅಪ್ಪಟ ಗಂಧದೆಣ್ಣೆಯ ಬೆಲೆ ಮನೆಯ ಉಂಡೆಗೆ ಎಟುಕುವಂಥದ್ದಲ್ಲ. ಅಗ್ಗವಾಗಿ ಸಿಗುವ ‘ಸ್ಯಾಂಡಲ್’ ಸಾಮಾನ್ಯವಾಗಿ ಕೃತಕ. ಅದೇ ಹಾಕುವುದಾದರೂ ಚರ್ಮಕ್ಕೆಂದು ತಯಾರಾದದ್ದೇ ಆಗಿರಲಿ, ಊದುಬತ್ತಿಗೆ, ಮೇಣದಬತ್ತಿಗೆ ಬಳಸುವುದು ಬೇಡ. ನಾಲ್ಕೈದು ಹನಿ ಧಾರಾಳ. ಲಾವಂಚದ ನುಣುಪಾದ ಪುಡಿ ಈ ಊರಿನಲ್ಲಿ ಸುಲಭವಾಗಿ ಸಿಗುತ್ತದೆ.

ಬಣ್ಣಕ್ಕೆಂದು ರಂಗೋಲಿ ಪುಡಿ, ಕುಂಕುಮ ಹಾಕುವುದು ತಪ್ಪು. ಅರಿಶಿನ ಹಾಕೋಣವೆಂದರೆ ಇನ್ನೊಂದು ತಮಾಷೆ. ಆರತಿ ನೀರಿನಲ್ಲಿ ಸುಣ್ಣ ಸೇರಿದೊಡನೆ ಅರಿಶಿನ ಕೆಂಪಾಗುವುದಿಲ್ಲವೇ? ಸೋಡಾ ಹೆಚ್ಚಾದರೂ ಅರಿಶಿನ ಆ ಕಡೆಗೇ ತಿರುಗುತ್ತದೆ. ಬಕೆಟ್, ಟವೆಲಿಗೆಲ್ಲ ಕಲೆ ಬೇರೆ. ಬಣ್ಣವಿಲ್ಲದ ಬಿಳಿ ಉಂಡೆಯೇ ಲೇಸು.

ಟಬ್ಬಿನ ನೀರು, ರೈಲಿನ ನೀರು

ಮೂಲತಃ ಇದು ಟಬ್ ತುಂಬಿಸಿ ಮಲಗುವವರ ವಸ್ತು. ಒಂದು ಟಬ್ಬಿಗೆ 150 ಲೀಟರ್‌ವರೆಗೆ ನೀರು ಹಿಡಿಯುತ್ತದೆ. 18 ಲೀಟರಿನ ಬಕೆಟ್ ಲೆಕ್ಕದಲ್ಲಿ ಎಂಟು ಬಕೆಟ್, ಅಂದರೆ ನಾಲ್ವರ ಸಂಸಾರದ ಎರಡು ದಿನದ ಸ್ನಾನ. 2019ರ ಬೇಸಿಗೆಯನ್ನು ಈ ಊರಿನವರು ಮರೆತಿಲ್ಲ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಬತ್ತಿ, ಕೊಡ ಹಿಡಿದು ಲಾರಿಗೆ ಕಾದ ದಿನಗಳವು. ಆ ವರ್ಷದ ಜುಲೈ 12ರಂದು ಮೊದಲ ನೀರಿನ ರೈಲು ವಿಲ್ಲಿವಾಕ್ಕಂಗೆ ಬಂತು. ಹೊರಟದ್ದು, ಬೆಂಗಳೂರಿಗೆ ಹೋಗಿಬರುವ ಕನ್ನಡಿಗರಿಗೆಲ್ಲ ಪರಿಚಿತವಾದ ಜೋಲಾರ್‌ಪೇಟೆಯಿಂದ. ತಂದದ್ದು ಕಾವೇರಿ ನೀರು, 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್. ಅಷ್ಟು ನೀರು ಬಕೆಟ್ ಸ್ನಾನಕ್ಕಾದರೆ ಸುಮಾರು 1 ಲಕ್ಷ 39 ಸಾವಿರ ಮಂದಿಗೆ ಸಾಕು, ಟಬ್ಬಿಗಾದರೆ ಹದಿನೇಳು ಸಾವಿರ ಮಂದಿಗೂ ಸಾಲದು.

ಹಾಗಾಗಿ ಇಲ್ಲಿ ಉಂಡೆ ಚಿಕ್ಕದಾಗಬೇಕು, ಕೆಲಸವೂ ಬೇರೆಯಾಗಬೇಕು. ಹೋಟೆಲ್, ಶಾಲೆ, ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಸಂಜೆ ಅರ್ಧ ಬಕೆಟ್ ಬೆಚ್ಚನೆ ನೀರಿನಲ್ಲಿ 40 ಗ್ರಾಂನ ಒಂದು ಉಂಡೆ ಹಾಕಿ ಹತ್ತು ನಿಮಿಷ ಕಾಲಿಟ್ಟು ಕುಳಿತರೆ ಆರಾಮ. ಅದರಲ್ಲಿ ಹೆಚ್ಚಿನ ಪಾಲು ಬಿಸಿನೀರಿನದೇ ಗುಣ ಎಂಬುದೂ ನಿಜ. ಬಳಿಕ ಶುದ್ಧ ನೀರಿನಿಂದ ಕಾಲು ತೊಳೆಯಬೇಕು. ಎಣ್ಣೆಯಿಂದ ನೆಲ ಜಾರುವುದರಿಂದ ಹಿರಿಯರು ಎಚ್ಚರ. ಮಧುಮೇಹದಿಂದ ಕಾಲಿನ ಸ್ಪರ್ಶ ಮಂದವಾದವರು, ಕಾಲಿನಲ್ಲಿ ಗಾಯವಿರುವವರು ಈ ತಂಟೆಗೇ ಹೋಗಬಾರದು. ಉಳಿದ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಒಳ್ಳೆಯದೇ, ಆದರೆ ಈ ನೀರು ಬೇಡ. ಸೋಡಿಯಂ ಮಣ್ಣನ್ನು ಕೆಡಿಸುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಬಾತ್ ಬಾಂಬ್ ಕೊಳೆ ತೆಗೆಯುವುದಿಲ್ಲ. ಆ ಕೆಲಸ ಸೀಗೆ, ಅಂಟುವಾಳಗಳದ್ದು. ಅವುಗಳಲ್ಲಿ ಸಹಜವಾಗಿ ನೊರೆ ಕೊಡುವ ಸಪೋನಿನ್ ಇದೆ. ಪಾರ್ಕ್‌ಟೌನಿನ ರಾಸಪ್ಪ ಚೆಟ್ಟಿ ಬೀದಿಯಲ್ಲಾಗಲಿ, ಮೈಲಾಪುರದ ಕಚೇರಿ ರಸ್ತೆಯ ಹಳೆಯ ಡಬ್ಬಾ ಚೆಟ್ಟಿ ಅಂಗಡಿಯಲ್ಲಾಗಲಿ ‘ನಲಂಗು ಮಾವು’ ಎಂದು ಕೇಳಿದರೆ ಸಾಕು. ಹೆಸರುಬೇಳೆ, ಕಸ್ತೂರಿ ಅರಿಶಿನ, ಆವರಿಕೆ ಹೂ, ಲಾವಂಚ ಮುಂತಾದುವು ಸೇರಿದ ಸ್ನಾನದ ಪುಡಿ ಅದು. ಮೈ ತೊಳೆಯಲು ಆ ಪುಡಿ, ಮನಸ್ಸಿನ ಖುಷಿಗೆ ಈ ಉಂಡೆ ಎಂದು ಹಂಚಿಕೊಂಡರೆ ಜಗಳವಿಲ್ಲ.

ಮಾರುವ ಮೊದಲು

ಮನೆಯವರಿಗೆ, ನೆಂಟರಿಗೆ ಕೊಡುವುದು ಒಂದು, ಹಣಕ್ಕೆ ಮಾರುವುದು ಇನ್ನೊಂದು. ಕಾನೂನಿನ ದೃಷ್ಟಿಯಲ್ಲಿ ಇದು ಸೌಂದರ್ಯವರ್ಧಕ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ತಯಾರಿಸುವವರಿಗೆ ಲೈಸೆನ್ಸ್ ಬೇಕು. ಚಕ್ಕುಲಿ, ಸಾರಿನ ಪುಡಿ ಮಾರಲು ಪಡೆದ ಆಹಾರ ಇಲಾಖೆಯ ನಂಬರ್ ಇದಕ್ಕೆ ನಡೆಯದು. ಸ್ವಂತ ಕಾರ್ಖಾನೆ ಇಲ್ಲದವರು ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ ತಯಾರಿಸಿಕೊಳ್ಳಲು ‘ಲೋನ್ ಲೈಸೆನ್ಸ್’ ಎಂಬ ವ್ಯವಸ್ಥೆಯಿದೆ. ಹೆಸರಿನಲ್ಲಿ ಲೋನ್ ಇದ್ದರೂ ಬ್ಯಾಂಕ್ ಸಾಲಕ್ಕೂ ಅದಕ್ಕೂ ಸಂಬಂಧವಿಲ್ಲ! ಸಾಲವೇ ಬೇಕೆಂದರೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50 ಸಾವಿರ ರೂಪಾಯಿವರೆಗೆ ಆಸ್ತಿ ಅಡವಿಲ್ಲದೆ ಸಿಗುತ್ತದೆ. ಆದರೆ ಲೈಸೆನ್ಸಿನ ವಿಚಾರ ತೀರ್ಮಾನವಾಗದೆ ಸಾಲಕ್ಕೆ ಕೈಹಾಕುವುದು ಜಾಣತನವಲ್ಲ. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಒಳಗಿರುವ ಪದಾರ್ಥಗಳು, ಬ್ಯಾಚ್ ನಂಬರ್, ಬಳಕೆಯ ಕೊನೆಯ ದಿನಾಂಕ ಎಲ್ಲವೂ ಇರಬೇಕು.

ಉಡುಗೊರೆಯಾಗಿ ಕೊಡುವಾಗಲೂ ‘ತಿನ್ನುವ ವಸ್ತುವಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯುವುದು ಕಡ್ಡಾಯವೆಂದೇ ತಿಳಿಯಬೇಕು. ದೀಪಾವಳಿಯ ದಿನ ಲಾಡಿನ ಡಬ್ಬಿಯ ಪಕ್ಕದಲ್ಲಿ ಇದೂ ಇದ್ದರೆ ಮಕ್ಕಳು ಬಾಯಿಗೆ ಹಾಕಿಕೊಳ್ಳುವುದು ಖಂಡಿತ.

ಇನ್ನು ದೀಪಾವಳಿಯೆಂದರೆ ಇಲ್ಲಿ ಈಶಾನ್ಯ ಮುಂಗಾರಿನ ಕಾಲ. ಸಮುದ್ರದ ತೇವ, ಮಳೆಯ ತೇವ ಎರಡೂ ಸೇರಿ ಉಂಡೆಗಳು ಅಚ್ಚಿನಲ್ಲೇ ಉಬ್ಬಿ ಬಿರಿಯುತ್ತವೆ. ಏಸಿ ಕೋಣೆಯಲ್ಲಿ ಕಟ್ಟಿ ಒಣಗಿಸಿದರೆ ಸ್ವಲ್ಪ ವಾಸಿ. ಏಸಿ ಇಲ್ಲದವರಿಗೆ ಸುಲಭದ ದಾರಿಯೊಂದಿದೆ. ಉಂಡೆ ಕಟ್ಟುವುದೇ ಬೇಡ. ಸೋಡಾ ಮತ್ತು ಲಾವಂಚದ ಪುಡಿಯನ್ನು ಒಂದು ಪೊಟ್ಟಣದಲ್ಲಿ, ಸಿಟ್ರಿಕ್ ಆಸಿಡ್ ಅನ್ನು ಇನ್ನೊಂದರಲ್ಲಿ ಬೇರೆ ಬೇರೆ ಕಟ್ಟಿಟ್ಟರೆ ಮಳೆಗಾಲವಿಡೀ ಕೆಡದೆ ಉಳಿಯುತ್ತವೆ. ಬೇಕಾದಾಗ ಮೂರು ಚಮಚ ಇದರಿಂದ, ಎರಡು ಚಮಚ ಅದರಿಂದ ಬಕೆಟ್ಟಿಗೆ ಹಾಕಿದರಾಯಿತು, ಬುಸ್ಸೆನ್ನುವುದರಲ್ಲಿ ಏನೂ ಕಡಿಮೆಯಿಲ್ಲ.