ಪಾದಚಾರಿಯ ಪಾಲಿನ ಹಣ

ನಗರದಲ್ಲಿ ನಡೆದಾಡುವವನು ತೆರಿಗೆ ಕೊಡದವನೇನೂ ಅಲ್ಲ. ಮನೆಗಂದಾಯವನ್ನು ಅವನೂ ತೆರುತ್ತಾನೆ; ಅವನು ಕೊಂಡ ಬೆಂಕಿಪೆಟ್ಟಿಗೆಯಿಂದಲೂ ಸರಕಾರಕ್ಕೆ ಪಾಲು ಸಂದಿರುತ್ತದೆ. ಆದರೂ ರಸ್ತೆಗೆಂದು ಬೊಕ್ಕಸದಿಂದ ಹೊರಟ ಹಣವು ಬಹುಕಾಲ ಮೋಟಾರಿನ ಗಾಲಿಯ ಕೆಳಗೇ ಹಾಸಿಹೋಯಿತು. ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ತರಕಾರಿಯ ಚೀಲವನ್ನೂ ಹಿಡಿದು, ಚಪ್ಪಡಿ ಕಳಚಿದ ಕಾಲುದಾರಿಯಿಂದ ಬೀದಿಗಿಳಿಯಲೇಬೇಕಾದ ಗೃಹಿಣಿ ಬೆಂಗಳೂರಿನ ಯಾವ ಬಡಾವಣೆಯಲ್ಲಿ ಕಾಣಸಿಗಳು? ಆ ಹತ್ತು ಹೆಜ್ಜೆಗಳ ಮಟ್ಟಿಗೆ ತಾಯಿ ಮಗುವಿನ ಪ್ರಾಣ ಬಸ್ಸಿನ ಚಾಲಕನ ಎಚ್ಚರಕ್ಕೆ ಒಪ್ಪಿಸಿದ್ದಾಗಿರುತ್ತದೆ.

ನೀತಿಗೆ ಬರವಿರಲಿಲ್ಲ. ಸಾಗಿಸಬೇಕಾದುದು ಜನರನ್ನೇ ಹೊರತು ವಾಹನಗಳನ್ನಲ್ಲವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸಾರಿತು. 2007ರಲ್ಲಿ ಕರ್ನಾಟಕ ಸರಕಾರವು ನಗರ ಭೂಸಾರಿಗೆ ನಿರ್ದೇಶನಾಲಯವನ್ನು ತೆರೆಯಿತು. ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಅಗಲವು ಕನಿಷ್ಠ 1.8 ಮೀಟರು ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ 2012ರ ತನ್ನ ಮಾರ್ಗಸೂಚಿಯಲ್ಲಿ ವಿಧಿಸಿತು. ಕಾಗದದ ಮೇಲೆ ನಡೆಯುವುದು ಸುಲಭ. ನೆಲದ ಮೇಲೆಯೇ ಕಷ್ಟ.

ನೆಲದ ಮೇಲಿನ ಕಷ್ಟಕ್ಕೆ ನೆಲದೊಳಗೇ ಕಾರಣವಿತ್ತು. ಇಂದು ಟಾರು ಹಾಕಿದ ಬೀದಿಯನ್ನು ನಾಳೆ ನೀರಿನವರು ಅಗೆಯುವರು. ಅವರು ಮುಚ್ಚಿಹೋದ ಮೇಲೆ ವಿದ್ಯುಚ್ಛಕ್ತಿಯವರು, ಅನಂತರ ಟೆಲಿಫೋನಿನವರು. ಒಂದೇ ಬೀದಿಗೆ ಸಾರ್ವಜನಿಕರ ಹಣ ಮೂರು ನಾಲ್ಕು ಬಾರಿ ವ್ಯಯವಾಗುತ್ತಿತ್ತು. ಈ ಅಗೆತಕ್ಕೆ ಕೊನೆ ಹಾಡಲೆಂದು ಜನ ಸಂಸ್ಥೆಯವರು 2011ರಲ್ಲಿ ‘ಟೆಂಡರ್‌ಶ್ಯೂರ್’ ಎಂಬ ಮಾರ್ಗಸೂಚಿಯನ್ನು ರಚಿಸಿದರು. ನೀರಿನ ಕೊಳವೆ, ವಿದ್ಯುತ್ತಿನ ತಂತಿ, ಮಳೆನೀರಿನ ಕಾಲುವೆ, ಇವೆಲ್ಲಕ್ಕೂ ಅಂಚಿನಲ್ಲಿ ನಿಯತವಾದ ಸ್ಥಾನ. ಅಲ್ಲಲ್ಲಿ ಮುಚ್ಚಳವುಳ್ಳ ಗುಂಡಿ. ದುರಸ್ತಿಗೆ ಬಂದವನು ಮುಚ್ಚಳ ತೆಗೆದರೆ ಸಾಕು, ಗುದ್ದಲಿ ಎತ್ತಬೇಕಾಗಿಲ್ಲ. ಅದರ ಮೇಲೆ ವಿಶಾಲವಾದ ಕಾಲುದಾರಿ. ವಾಹನಗಳಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಅಗಲದ ಪಥ.

ಈ ಒಂದೇ ಅಗಲದ ವಿಷಯದಲ್ಲಿ ಕಾರಿನವರು ಕೋಪಗೊಂಡರು. ರಸ್ತೆಯನ್ನು ಕಿರಿದುಗೊಳಿಸಿದರೆಂಬುದು ಅವರ ದೂರು. ತಂಬಿಗೆಯ ಹೊಟ್ಟೆ ಎಷ್ಟು ದೊಡ್ಡದಾದರೇನು, ನೀರು ಬರುವುದು ಕಂಠದ ಅಳತೆಯಲ್ಲಿಯೇ. ಒಂದೆಡೆ ಮೂರು ಸಾಲು, ಮುಂದೆ ಎರಡೇ ಸಾಲು ಇರುವ ಬೀದಿಯಲ್ಲಿ ಮೂರನೆಯ ಸಾಲು ಮುನ್ನುಗ್ಗುವವರ ಜಗಳಕ್ಕಲ್ಲದೆ ಬೇರೆ ಉಪಯೋಗಕ್ಕೆ ಬರುವುದಿಲ್ಲ.

ಸರಕಾರದ ಹಣದಿಂದ ವಿಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನಿಂಗ್‌ಹ್ಯಾಂ ರಸ್ತೆ ಮೊದಲಾದವು ಈ ಮಾದರಿಯಲ್ಲಿ ಹೊಸ ರೂಪ ತಳೆದವು. ಕೆಲಸ ಸರಾಗವಾಗಿ ನಡೆಯಲಿಲ್ಲ. ನಕ್ಷೆಯಲ್ಲಿಲ್ಲದ ಹಳೆಯ ಕೊಳವೆಗಳು ಅಗೆದಲ್ಲೆಲ್ಲ ಎದುರಾದವು. ಅಂಗಡಿಯವರು ತಿಂಗಳುಗಟ್ಟಲೆ ಧೂಳು ಕುಡಿದರು. ವೆಚ್ಚವೂ ಸಾಮಾನ್ಯ ರಸ್ತೆಗಿಂತ ಬಹಳ ಹೆಚ್ಚು. ಅದಕ್ಕಿಂತ ತೂಕದ ಆಕ್ಷೇಪಣೆ ಇನ್ನೊಂದಿದೆ: ಭವ್ಯ ಅಂಗಡಿಗಳ ಬೀದಿಗಳಿಗೇ ಈ ಭಾಗ್ಯ ಮೊದಲು ಏಕೆ ಬರಬೇಕಿತ್ತು? ಶಾಲೆಯ ಮಕ್ಕಳೂ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರೂ ನಿತ್ಯ ನಡೆಯುವ ಬೀದಿಗಳು ಎಂದಿಗೆ? ಇದಕ್ಕೆ ತೃಪ್ತಿಕರವಾದ ಉತ್ತರ ಬಂದಿಲ್ಲ.

ಮೈಸೂರಿನ ಕಥೆ ಬೇರೆ ಬಗೆಯದು. ಅಲ್ಲಿ 2017ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಮುದ್ದಾದ ಹೆಸರಿನ ಬಾಡಿಗೆ ಸೈಕಲ್ ಯೋಜನೆ ಆರಂಭವಾಯಿತು. 450 ಸೈಕಲ್ಲುಗಳು, 48 ನಿಲ್ದಾಣಗಳು. ಒಂದೆಡೆ ಪಡೆದು ಇನ್ನೊಂದೆಡೆ ಒಪ್ಪಿಸಬಹುದು. ಇದಕ್ಕೆ ಜಾಗತಿಕ ಪರಿಸರ ನಿಧಿಯ ನೆರವು ವಿಶ್ವಬ್ಯಾಂಕಿನ ಮೂಲಕ ಒದಗಿತ್ತು.

ಹಣದ ವಿಷಯದಲ್ಲಿ ನೇರವಾಗಿ ಮಾತಾಡಿದ್ದು ನೆರೆಯ ಚೆನ್ನೈ. ಸಾರಿಗೆಗೆಂದು ಮುಂಗಡಪತ್ರದಲ್ಲಿ ತೆಗೆದಿಟ್ಟ ಮೊತ್ತದಲ್ಲಿ ಶೇಕಡಾ 60ಕ್ಕೆ ಕಡಿಮೆಯಿಲ್ಲದಷ್ಟು ಪಾಲು ಪಾದಚಾರಿ ಮತ್ತು ಸೈಕಲ್ ಸವಾರರ ಅನುಕೂಲಕ್ಕೆ ಮೀಸಲೆಂದು ಅಲ್ಲಿಯ ನಗರಸಭೆ 2014ರಲ್ಲಿ ಗೊತ್ತುಪಡಿಸಿತು. ಸೀರೆ ಕೊಳ್ಳಲು ಹೋಗುವ ಕನ್ನಡಿಗರಿಗೂ ಪರಿಚಿತವಾದ ಪಾಂಡಿ ಬಜಾರಿನ ವಿಶಾಲ ಕಾಲುದಾರಿ 2019ರಲ್ಲಿ, ಸ್ಮಾರ್ಟ್ ಸಿಟಿ ಯೋಜನೆಯ ಹಣದಿಂದ, ಸಿದ್ಧವಾಯಿತು.

ಕಾಲುದಾರಿ ಅಗಲವಾದಲ್ಲೆಲ್ಲ ಹೊಸತೊಂದು ತೊಡಕು ಹುಟ್ಟುತ್ತದೆ: ಅದರ ಮೇಲೆ ಸ್ಕೂಟರುಗಳು ಏರುತ್ತವೆ. ಅದನ್ನು ತಡೆಯಲು ಕಲ್ಲಿನ ಗೂಟಗಳನ್ನು ನೆಡುವುದುಂಟು. ಆದರೆ ನಡೆಯಲಾರದವರ ಗಾಲಿಕುರ್ಚಿ ಹಾದುಹೋಗಲು ಬಿಡಬೇಕಾದ ಅಗಲ ಸ್ಕೂಟರಿಗೆ ಧಾರಾಳವಾಗಿ ಸಾಕಾಗುತ್ತದೆ. ಈ ಲೆಕ್ಕವನ್ನು ಗೂಟ ಬಿಡಿಸಲಾರದು. ಪೋಲೀಸಿನವನೇ ನಿಲ್ಲಬೇಕು, ಅವನ ಸಂಬಳವೂ ಬೊಕ್ಕಸದಿಂದಲೇ ಬರಬೇಕು.