ತೂಕವಿಳಿಕೆಗೆ ದಿನದ ಕ್ಯಾಲೊರಿ: ಅಂದಾಜು ಮತ್ತು ಅದರ ಪರೀಕ್ಷೆ

ನಂದಿ ಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಬಹುಕಾಲದಿಂದಲೂ ರಾಗಿಯ ಸೀಮೆಯೆನಿಸಿವೆ. ಏತ ಕಪಿಲೆಗಳಲ್ಲಿ ನೀರೆತ್ತಿ, ಹೊಲ ಉತ್ತು, ಕಳೆ ತೆಗೆದು, ಹಿಪ್ಪುನೇರಳೆಯ ಸೊಪ್ಪನ್ನು ಹೊತ್ತು ದುಡಿದವರಿಗೆ ಹೊತ್ತಿಗೆ ಎರಡು ಮುದ್ದೆ ಹೆಚ್ಚಿನ ಊಟವಾಗಿರಲಿಲ್ಲ. ಇಂದು ಕೊಳವೆ ಬಾವಿಯ ಮೋಟಾರು ನೀರನ್ನೆತ್ತುತ್ತದೆ, ಟ್ರ್ಯಾಕ್ಟರು ನೆಲವನ್ನು ಉಳುತ್ತದೆ. ಅನೇಕರ ದುಡಿಮೆ ಅಂಗಡಿ ಕಚೇರಿಗಳ ಕುರ್ಚಿಗೆ ಬಂದಿದೆ. ಶ್ರಮ ಇಳಿದಷ್ಟು ಊಟದ ಅಳತೆ ಇಳಿಯದಿದ್ದಲ್ಲಿ ಮೈತೂಕ ಏರುವುದು ಸಹಜ. ತೂಕವನ್ನು ಇಳಿಸಬಯಸುವವರು ದಿನಕ್ಕೆ ಎಷ್ಟು ಕ್ಯಾಲೊರಿ ಸಾಕೆಂದು ಕೇಳುತ್ತಾರೆ. ಕೋಷ್ಟಕಗಳಲ್ಲಿ ಒಂದು ಸಂಖ್ಯೆ ದೊರೆಯುತ್ತದೆ. ಆ ಸಂಖ್ಯೆ ಹುಟ್ಟುವುದು ಹೇಗೆ, ಅದನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು ಎಂಬುದೇ ಪ್ರಕೃತ ಲೇಖನದ ವಿಷಯ.

ಆಹಾರಶಾಸ್ತ್ರದಲ್ಲಿ ಕ್ಯಾಲೊರಿಯೆಂದರೆ ವಾಸ್ತವವಾಗಿ ಕಿಲೋಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖ. ದೇಹವು ಶಕ್ತಿಯನ್ನು ಮೂರು ಬಗೆಯಲ್ಲಿ ವ್ಯಯಿಸುತ್ತದೆ. ಉಸಿರಾಟ, ಹೃದಯದ ಬಡಿತ, ಮಿದುಳಿನ ಕಾರ್ಯ ಮೊದಲಾದ, ಮಲಗಿದ್ದರೂ ನಿಲ್ಲದ ಕೆಲಸಗಳ ವೆಚ್ಚ ಮೊದಲನೆಯದು. ಇದಕ್ಕೆ ಮೂಲ ಚಯಾಪಚಯವೆಂದು ಹೆಸರು. ಉಂಡ ಅನ್ನವನ್ನು ಜೀರ್ಣಿಸಿಕೊಳ್ಳುವ ವೆಚ್ಚ ಎರಡನೆಯದು. ಇದು ಒಟ್ಟು ವ್ಯಯದ ಸುಮಾರು ಹತ್ತನೆಯ ಒಂದು ಪಾಲು. ಮೂರನೆಯದು ದೈಹಿಕ ಶ್ರಮದ ವೆಚ್ಚ. ಕುಳಿತು ದುಡಿಯುವವರಲ್ಲಿ ಮೂಲ ಚಯಾಪಚಯವೇ ಎಲ್ಲಕ್ಕಿಂತ ದೊಡ್ಡ ಪಾಲು. ಆದುದರಿಂದ ಅದನ್ನು ಮೊದಲು ಲೆಕ್ಕಹಾಕಿ, ಶ್ರಮಕ್ಕೆ ತಕ್ಕ ಗುಣಕದಿಂದ ಗುಣಿಸಿ ದಿನದ ಒಟ್ಟು ವ್ಯಯವನ್ನು ಅಂದಾಜು ಮಾಡುವುದು ವಾಡಿಕೆ.

ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 1985ರಲ್ಲಿ ಪ್ರಕಟಿಸಿದ ಸೂತ್ರಗಳು ಈ ಲೆಕ್ಕದಲ್ಲಿ ಬಹಳ ಬಳಕೆಯಾಗಿವೆ. 30ರಿಂದ 60 ವರ್ಷದ ಗಂಡಸಿಗೆ ಸೂತ್ರ ಹೀಗಿದೆ: ಮೈತೂಕದ ಕಿಲೋಗ್ರಾಂಗಳನ್ನು 11.6ರಿಂದ ಗುಣಿಸಿ 879 ಕೂಡಿಸಬೇಕು. ಅದೇ ವಯಸ್ಸಿನ ಹೆಂಗಸಿಗೆ 8.7ರಿಂದ ಗುಣಿಸಿ 829 ಕೂಡಿಸಬೇಕು. ಆದರೆ ಈ ಸೂತ್ರಗಳಿಗೆ ಆಧಾರವಾದ ಅಳತೆಗಳಲ್ಲಿ ಸುಮಾರು ಅರ್ಧ ಭಾಗ ಇಟಲಿಯ ಜನರಿಂದ ಬಂದುವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್ ಮೊದಲಾದವರು ಭಾರತೀಯರ ಚಯಾಪಚಯವನ್ನೇ ನೇರವಾಗಿ ಅಳೆದು, ಈ ಸೂತ್ರಗಳು ನಮ್ಮವರಿಗೆ ಇರುವುದಕ್ಕಿಂತ ಹೆಚ್ಚಿನ ಬೆಲೆಯನ್ನು ಕೊಡುತ್ತವೆಂದು ತೋರಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ತಜ್ಞರು 1990ರ ಶಿಫಾರಸಿನಲ್ಲಿ ಸೂತ್ರದ ಬೆಲೆಯಿಂದ ಶೇಕಡಾ 5ನ್ನು ಕಳೆದರು. ಮಂಡಲಿಯ 2010ರ ಕೋಷ್ಟಕವು ಕುಳಿತು ದುಡಿಯುವ, 60 ಕಿಲೋಗ್ರಾಂ ತೂಕದ ಗಂಡಸಿಗೆ ದಿನಕ್ಕೆ 2320 ಕ್ಯಾಲೊರಿ ಎಂದಿತು. 2020ರ ಕೋಷ್ಟಕವು 65 ಕಿಲೋಗ್ರಾಂ ತೂಕದವನಿಗೆ 2110 ಎಂದಿತು. ಹತ್ತು ವರ್ಷದಲ್ಲಿ ಭಾರತೀಯನ ದೇಹಧರ್ಮ ಬದಲಾಗಲಿಲ್ಲ, ಬದಲಾದುದು ಅಂದಾಜು.

ಒಂದು ಉದಾಹರಣೆಯಿಂದ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಕುಳಿತು ಕೆಲಸಮಾಡುವ, 40 ವರ್ಷ ವಯಸ್ಸಿನ, 75 ಕಿಲೋಗ್ರಾಂ ತೂಕದ ಗಂಡಸೊಬ್ಬನನ್ನು ಊಹಿಸಿಕೊಳ್ಳೋಣ. ಅಂತರರಾಷ್ಟ್ರೀಯ ಸೂತ್ರದಂತೆ ಅವನ ಮೂಲ ಚಯಾಪಚಯ 1749. ಶೇಕಡಾ 5ನ್ನು ಕಳೆದರೆ ಸುಮಾರು 1660. ಕುಳಿತ ಕೆಲಸಕ್ಕೆ ಹಿಂದೆ ಬಳಸುತ್ತಿದ್ದ ಗುಣಕ 1.53; ಮಂಡಲಿಯ 2020ರ ಗುಣಕ 1.4. ಮೊದಲ ಬೆಲೆಯನ್ನು ಹಿಂದಿನ ಗುಣಕದಿಂದ ಗುಣಿಸಿದರೆ ದಿನದ ವ್ಯಯ ಸುಮಾರು 2680. ಎರಡನೆಯದನ್ನು ಹೊಸ ಗುಣಕದಿಂದ ಗುಣಿಸಿದರೆ ಸುಮಾರು 2320. ವ್ಯತ್ಯಾಸ 360 ಕ್ಯಾಲೊರಿ.

ತೂಕವಿಳಿಕೆಗೆ ಸಾಮಾನ್ಯವಾಗಿ ಸೂಚಿಸುವ ಕಡಿತ ದಿನಕ್ಕೆ 500 ಕ್ಯಾಲೊರಿ. ನಮ್ಮ ಉದಾಹರಣೆಯವನು ಮೊದಲ ಲೆಕ್ಕವನ್ನು ನಂಬಿ 2180ಕ್ಕೆ ಊಟವನ್ನು ಮಿತಗೊಳಿಸಿದನೆನ್ನೋಣ. ಅವನ ನಿಜವಾದ ವ್ಯಯ 2320 ಆಗಿದ್ದರೆ ದೊರೆತ ಕಡಿತ ಕೇವಲ 140. ತಿಂಗಳು ಪೂರ್ತಿ ನಾಲಗೆಯನ್ನು ಹತೋಟಿಯಲ್ಲಿಟ್ಟರೂ ಇಳಿಯುವ ತೂಕ ಅರ್ಧ ಕಿಲೋಗ್ರಾಂ. ಆಗ ಮನೆಯವರೂ ವೈದ್ಯರೂ ಅವನು ಕದ್ದು ತಿನ್ನುತ್ತಿರುವನೆಂದು ಶಂಕಿಸುವುದುಂಟು. ಅವನೂ ತನ್ನ ಸಂಕಲ್ಪ ದುರ್ಬಲವೆಂದು ನೊಂದು ಪ್ರಯತ್ನವನ್ನೇ ಕೈಬಿಡುವುದುಂಟು. ಇಲ್ಲಿ ದೋಷ ಸೂತ್ರದ್ದು, ಮನುಷ್ಯನದಲ್ಲ. ಅಂದಾಜಿನ ದೋಷವೂ ಬಯಸಿದ ಕಡಿತವೂ ಹೆಚ್ಚು ಕಡಿಮೆ ಒಂದೇ ಗಾತ್ರದವು ಎಂಬುದನ್ನು ಮರೆತರೆ ಇಂಥ ಅನ್ಯಾಯ ತಪ್ಪಿದ್ದಲ್ಲ.

ಶ್ರಮದ ಲೆಕ್ಕದಲ್ಲಿಯೂ ಭ್ರಮೆಗೆ ಅವಕಾಶವಿದೆ. ನಂದಿ ಬೆಟ್ಟದ ಶಿಖರ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ತಪ್ಪಲಿನಿಂದ ಮೆಟ್ಟಿಲ ಹಾದಿಯಲ್ಲಿ ಸುಮಾರು 500 ಮೀಟರ್ ಏರಬೇಕೆಂದು ಇಟ್ಟುಕೊಂಡರೆ, 75 ಕಿಲೋಗ್ರಾಂ ತೂಕವನ್ನು ಅಷ್ಟು ಮೇಲೆತ್ತುವ ಯಾಂತ್ರಿಕ ಕೆಲಸ 88 ಕ್ಯಾಲೊರಿಗೆ ಸಮ. ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸಿ ಉಳಿದುದು ಶಾಖವಾಗುವುದರಿಂದ, ಈ ಏರಿಕೆಗೆ ಸುಮಾರು 350 ಕ್ಯಾಲೊರಿ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿರುವ ಶಕ್ತಿ ಸುಮಾರು 320 ಕ್ಯಾಲೊರಿ. ಎಂದರೆ ಬೆವರಿಳಿಸಿ ಬೆಟ್ಟವೇರಿದ ಶ್ರಮವೆಲ್ಲ 110 ಗ್ರಾಂ ರಾಗಿಹಿಟ್ಟಿನ ಊಟಕ್ಕೆ ಸರಿಹೋಯಿತು. ವಾರಕ್ಕೊಮ್ಮೆ ಏರಿದರೆ ದಿನದ ಸರಾಸರಿ 50 ಕ್ಯಾಲೊರಿ ಮಾತ್ರ. ವ್ಯಾಯಾಮದಿಂದ ಆರೋಗ್ಯಕ್ಕೆ ಬೇರೆ ಅನೇಕ ಲಾಭಗಳುಂಟು. ಆದರೆ ಒಂದು ಭಾನುವಾರದ ಏರಿಕೆಯನ್ನು ನಂಬಿ ವಾರವೆಲ್ಲ ಊಟವನ್ನು ಹೆಚ್ಚಿಸುವುದು ಯುಕ್ತವಲ್ಲ.

ಇದರಿಂದ ರಾಗಿಯೇ ಸ್ಥೂಲತೆಗೆ ಕಾರಣವೆಂದು ಭಾವಿಸಕೂಡದು. ತೂಕಕ್ಕೆ ತೂಕ ಹೋಲಿಸಿದರೆ ಅಕ್ಕಿಯಲ್ಲಿ ಶಕ್ತಿ ಇನ್ನೂ ತುಸು ಹೆಚ್ಚು. ಅದೇ ಕೋಷ್ಟಕದಲ್ಲಿ 100 ಗ್ರಾಂ ಅಕ್ಕಿಗೆ ಸುಮಾರು 356. ರಾಗಿಯಲ್ಲಿ ಸುಣ್ಣದ ಅಂಶ, ನಾರು ಸಮೃದ್ಧವಾಗಿವೆ. ಗಮನಿಸಬೇಕಾದುದು ಅಳತೆ. ಹಿಟ್ಟು ನೀರನ್ನು ಹೀರಿ ಮುದ್ದೆಯಾದಾಗ ತೂಕ ಹೆಚ್ಚುತ್ತದೆ, ಕ್ಯಾಲೊರಿ ಹೆಚ್ಚುವುದಿಲ್ಲ. ಆದುದರಿಂದ ತೂಗಬೇಕಾದುದು ಹಿಟ್ಟನ್ನು, ಮುದ್ದೆಯನ್ನಲ್ಲ. ಒಗ್ಗರಣೆಯ ಎಣ್ಣೆ ಗ್ರಾಂ ಒಂದಕ್ಕೆ 9 ಕ್ಯಾಲೊರಿಯಂತೆ ಕಣ್ಣಿಗೆ ಬೀಳದೆ ಸೇರಿಕೊಳ್ಳುತ್ತದೆ.

ಹಾಗಾದರೆ ಸೂತ್ರಗಳು ವ್ಯರ್ಥವೇ? ಅಲ್ಲ. ಅವು ಆರಂಭಕ್ಕೆ ಬೇಕು, ನಿರ್ಣಯಕ್ಕೆ ಸಾಲವು. ನಿರ್ಣಯಿಸಬೇಕಾದುದು ತಕ್ಕಡಿ. ಪ್ರತಿದಿನ ಬೆಳಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ವಾರದ ಸರಾಸರಿಯನ್ನು ತೆಗೆಯಬೇಕು. ಉಂಡುದನ್ನು ತಪ್ಪದೆ ಬರೆದಿಡಬೇಕು. ಮೊದಲ ವಾರದಲ್ಲಿ ದೇಹದ ನೀರಿನಂಶ ಏರಿಳಿಯುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಹೆಂಗಸರು ಋತುಚಕ್ರದ ಒಂದೇ ಘಟ್ಟದ ತೂಕಗಳನ್ನು ಹೋಲಿಸಬೇಕು. ದೇಹದ ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶಕ್ಕೆ ಸುಮಾರು 7700 ಕ್ಯಾಲೊರಿ ಎಂದು ಎಣಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ 28 ದಿನದಲ್ಲಿ ಅರ್ಧ ಕಿಲೋಗ್ರಾಂ ಇಳಿದಿದ್ದರೆ, ದಿನದ ಕಡಿತ 3850ನ್ನು 28ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 140. ಇದನ್ನು ಊಟದ 2180ಕ್ಕೆ ಕೂಡಿಸಿದರೆ ನಿಜವಾದ ವ್ಯಯ 2320 ಎಂದು ತಾನಾಗಿ ಹೊರಬೀಳುತ್ತದೆ. ಹೊಸ ಮಿತಿ 1820. ಬರೆದಿಡುವಾಗ ದಿನವೂ 100 ಕ್ಯಾಲೊರಿ ಬಿಟ್ಟುಹೋಗುತ್ತಿದ್ದರೂ ಬಾಧಕವಿಲ್ಲ. ಬಿಟ್ಟುಹೋಗುವ ಕ್ರಮ ಒಂದೇ ತೆರನಾಗಿದ್ದರೆ ಹೊಸ ಮಿತಿಯಲ್ಲಿಯೂ ಆ ನ್ಯೂನತೆ ಸೇರಿಕೊಂಡು ಸರಿದೂಗುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯ. ತೂಕ ಇಳಿದಂತೆ ದೇಹದ ವ್ಯಯವೂ ಇಳಿಯುವುದರಿಂದ 7700ರ ಲೆಕ್ಕ ಬಹುಕಾಲಕ್ಕೆ ಅನ್ವಯಿಸದು; ನಾಲ್ಕೈದು ಕಿಲೋಗ್ರಾಂ ಇಳಿದ ಮೇಲೆ ಪರೀಕ್ಷೆಯನ್ನು ಪುನಃ ನಡೆಸಬೇಕು. ಊಟವನ್ನು ಮೂಲ ಚಯಾಪಚಯಕ್ಕಿಂತ ಕೆಳಗೆ ಇಳಿಸುವುದು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸಲ್ಲದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಸ್ವಂತ ಲೆಕ್ಕದಿಂದ ಊಟ ಕಡಿಮೆ ಮಾಡಲಾಗದು. ಕಡಿತವು ಅನ್ನ, ಎಣ್ಣೆ, ಸಕ್ಕರೆಗಳಿಂದ ಬರಬೇಕೇ ಹೊರತು ಅವರೆ, ಹುರುಳಿ, ಸೊಪ್ಪು, ಹಾಲುಗಳಿಂದಲ್ಲ. ಇಲ್ಲವಾದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ.

ಕೋಷ್ಟಕದ ಸಂಖ್ಯೆ ಅನೇಕರ ಸರಾಸರಿ. ತೂಕ ಇಳಿಸಬೇಕಾದವನು ಒಬ್ಬ ವ್ಯಕ್ತಿ. ಇವೆರಡರ ನಡುವಿನ ಅಂತರವನ್ನು ನಾಲ್ಕು ವಾರಗಳ ತಾಳ್ಮೆಯ ಅಳತೆ ತುಂಬಬಲ್ಲುದು. ತಕ್ಕಡಿ ಕದಲದಿದ್ದಾಗ ಮನುಷ್ಯನನ್ನು ಶಂಕಿಸುವ ಮೊದಲು ಸಂಖ್ಯೆಯನ್ನು ಶಂಕಿಸುವುದು ವಿಜ್ಞಾನಕ್ಕೂ ಸೌಜನ್ಯಕ್ಕೂ ಒಪ್ಪುವ ಕ್ರಮ.