ವಾಹನದಲ್ಲಿ ರಾತ್ರಿ ಮಲಗುವವರಿಗೆ

ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮುಂಚಿನ ಎರಡು ಮೂರು ವಾರಗಳು ವಯನಾಡಿನ ರೈತ ಕುಟುಂಬಗಳಿಗೆ ಸ್ವಲ್ಪ ಬಿಡುವಿನ ಕಾಲ. ಆ ವರ್ಷ ಕಷ್ಟದ್ದಾಗಿದ್ದರೆ ಮನೆಯಲ್ಲಿ ಯಾರಾದರೊಬ್ಬರು, "ಇನ್ನು ಸಾಕು, ಎಲ್ಲಾದರೂ ಹೋಗಿ ಬರೋಣ" ಎನ್ನುತ್ತಾರೆ. ಮೆಣಸಿನ ಬಳ್ಳಿಗೆ ಸೊರಗು ರೋಗ, ಬಾಳೆಗೆ ಆನೆ, ಗೆಣಸಿಗೆ ಹಂದಿ. ಇವು ನಮಗೆ ಹೊಸತಲ್ಲ. ಆದರೆ 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿಯ ಮುಂಡಕ್ಕೈ, ಚೂರಲ್‌ಮಲ, ಪುಂಚಿರಿಮಟ್ಟಂ ಕಡೆ ಗುಡ್ಡ ಕುಸಿದು ಸುಮಾರು 300 ಜನ ಹೋದ ಮೇಲೆ, ಮಳೆಯ ಸದ್ದಿಗೇ ಎಚ್ಚರವಾಗಿ ಕೂರುವವರು ನಮ್ಮಲ್ಲಿ ಹಲವರಿದ್ದಾರೆ. ಅಂಥವರು ನಾಲ್ಕು ದಿನ ಊರು ಬಿಟ್ಟು ಹೋಗಿ ಬರುವುದನ್ನು ದುಂದು ಎಂದು ಯಾರೂ ಹೇಳಬಾರದು. ಮನೆಯ ಹೆಂಗಸರಿಗಂತೂ ಒಲೆಯಿಂದ ದೂರವಿರುವುದೇ ಅರ್ಧ ಔಷಧಿ.

ಹೋಗುವ ರೀತಿ ಈಗ ಬದಲಾಗಿದೆ. ಹಿಂದೆ ಬಸ್ಸು, ನಂಟರ ಮನೆ. ಈಗ ಸ್ವಂತ ಜೀಪು, ಇಲ್ಲವೇ ಬಾಡಿಗೆ ವ್ಯಾನು. 2021ರಲ್ಲಿ ಕೇರಳ ಸರಕಾರ 'ಕೇರವಾನ್ ಕೇರಳ' ಎಂಬ ಯೋಜನೆ ತಂದ ಮೇಲೆ ಹಾಸಿಗೆ, ಅಡುಗೆ ಜಾಗ, ಶೌಚಾಲಯ ಎಲ್ಲವೂ ಒಳಗೇ ಇರುವ ಕ್ಯಾರವಾನ್ ಗಾಡಿಗಳೂ ನಮ್ಮ ರಸ್ತೆಗಳಲ್ಲಿ ಕಾಣುತ್ತಿವೆ. ಕೋಣೆ ಗೊತ್ತು ಮಾಡಬೇಕಿಲ್ಲ, ಮನಸ್ಸು ಬಂದಾಗ ಹೊರಡಬಹುದು ಎಂಬುದೇ ಇವುಗಳ ಆಕರ್ಷಣೆ. ರಾತ್ರಿಯಾದಾಗ ಮಾತ್ರ ಇದರ ಅಪಾಯ ಕಾಣಿಸುತ್ತದೆ.

ಯೋಜನೆ ಇಲ್ಲದೆ ಹೊರಟವರು ಹಟ್ಟಿಯ ಕೆಲಸ ಮುಗಿಸಿ, ಮಕ್ಕಳಿಗೆ ಊಟ ಮಾಡಿಸಿ ಹೊರಡುವಾಗ ಕತ್ತಲಾಗಿರುತ್ತದೆ. ಮೈಸೂರು ಕಡೆಗೆ ಹೋಗುವ ಮುತ್ತಂಗ–ಗುಂಡ್ಲುಪೇಟೆ ರಸ್ತೆ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಇದೇ ನಿಯಮ. ಮಾನಂದವಾಡಿಯಿಂದ ಬಾವಲಿ ಮೂಲಕ ಎಚ್.ಡಿ. ಕೋಟೆಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ತಡವಾಗಿ ಬಂದವರು ಹಿಂತಿರುಗಿ ಬತ್ತೇರಿಯಲ್ಲಿ ಕೋಣೆ ಹಿಡಿಯುವ ಬದಲು, "ಬೆಳಗಾಗಲಿ" ಎಂದು ರಸ್ತೆ ಬದಿಯಲ್ಲಿ ಗಾಡಿಯೊಳಗೇ ಮಲಗುತ್ತಾರೆ. ಚಳಿಗೋ ಸೊಳ್ಳೆಗೋ ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ಎ.ಸಿ. ಹಾಕುತ್ತಾರೆ.

2024ರ ಡಿಸೆಂಬರ್ 23ರಂದು ನಮ್ಮ ಪಕ್ಕದ ಕೋಝಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ಹೆದ್ದಾರಿ ಬದಿ ನಿಂತಿದ್ದ ಒಂದು ಕ್ಯಾರವಾನ್ ಒಳಗೆ ಇಬ್ಬರು ಸತ್ತು ಬಿದ್ದಿದ್ದರು. ಇಬ್ಬರೂ ಗಾಡಿಯ ಕೆಲಸದವರೇ. ಕೋಝಿಕ್ಕೋಡ್‌ನ ಎನ್.ಐ.ಟಿ. ತಜ್ಞರು ಅದೇ ಗಾಡಿಯನ್ನು ಪರೀಕ್ಷಿಸಿದಾಗ, ಎ.ಸಿ.ಗಾಗಿ ಓಡಿಸಿದ ಜನರೇಟರಿನ ಹೊಗೆ ಗಾಡಿಯ ತಳದ ಸಂದಿನಿಂದ ಒಳಗೆ ಬಂದು ಕಾರ್ಬನ್ ಮೊನಾಕ್ಸೈಡ್ ತುಂಬಿದ್ದು ತಿಳಿಯಿತು. ಪಕ್ಕದಲ್ಲಿ ಹಾದುಹೋದವರಿಗೆ ಅದು ನಿಂತ ಗಾಡಿ ಮಾತ್ರ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್, ಡೀಸೆಲ್, ಗ್ಯಾಸ್, ಇದ್ದಿಲು, ಯಾವುದೇ ಆಗಲಿ, ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುತ್ತದೆ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೀಗೆ ಪ್ರಾಣವಾಯು ಕೂರಬೇಕಾದ ಜಾಗವನ್ನೆಲ್ಲ ಇದು ಆಕ್ರಮಿಸುತ್ತದೆ. ಎದೆಗೂಡು ಉಸಿರಾಡುತ್ತಲೇ ಇರುತ್ತದೆ, ಆದರೆ ಮೆದುಳು, ಹೃದಯ ಉಪವಾಸ ಬೀಳುತ್ತವೆ. ಎಚ್ಚರವಿದ್ದವನಿಗೆ ತಲೆನೋವು, ವಾಂತಿ ಬಂದಂತಾಗುವುದು, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು. ನಿದ್ರೆಯಲ್ಲಿದ್ದವನಿಗೆ ಇದಾವುದೂ ತಿಳಿಯುವುದಿಲ್ಲ. ಬಸುರಿ ಹೆಂಗಸರು, ಚಿಕ್ಕ ಮಕ್ಕಳು, ಹೃದ್ರೋಗ ಇರುವ ಹಿರಿಯರು ಬೇಗ ಬಲಿಯಾಗುತ್ತಾರೆ.

ತಾಮರಶ್ಶೇರಿ ಘಾಟಿಯ 9 ತಿರುವುಗಳಲ್ಲಿ ವಾಂತಿ ಮಾಡದ ಮಕ್ಕಳೇ ಕಡಿಮೆ. ಆದ್ದರಿಂದ ತಲೆನೋವು, ವಾಂತಿ ಎಂದರೆ "ಘಾಟಿಯದ್ದು" ಎಂದು ಬಿಟ್ಟುಬಿಡುವ ಅಭ್ಯಾಸ ನಮಗಿದೆ. ಗಾಡಿ ನಿಂತಿರುವಾಗ ಒಳಗಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆ ನೋಯ್ದರೆ, ಹೊರಗೆ ಬಂದ ಮೇಲೆ ಹಗುರವೆನಿಸಿದರೆ, ಅದು ಘಾಟಿಯದ್ದಲ್ಲ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಇಲ್ಲಿ ನಂಬಬಾರದು. ಅದಕ್ಕೆ ಪ್ರಾಣವಾಯು ಯಾವುದು, ಈ ವಿಷ ಯಾವುದು ಎಂಬ ವ್ಯತ್ಯಾಸ ತಿಳಿಯದು. ಸಾಯುತ್ತಿರುವವನ ಬೆರಳಿನಲ್ಲೂ 98 ಎಂದು ತೋರಿಸಬಹುದು.

ಕೃಷಿಕರು ಈ ಶತ್ರುವನ್ನು ಬೇರೆ ರೂಪದಲ್ಲಿ ಬಲ್ಲರು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದಾಗ ಕೆಳಗಿಳಿದವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಹೋದ ತಮ್ಮನೂ ಬರುವುದಿಲ್ಲ. ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಕೆಂಡದ ಬಾಣಲೆ ಇಟ್ಟು ಮಲಗುವುದೂ ಅದೇ. ಹೊಗೆಯಿಲ್ಲದ ಕೆಂಪು ಕೆಂಡ ನಿರಪಾಯ ಎಂದು ಹಳಬರು ಹೇಳುವುದುಂಟು. ಹೊಗೆ ಇದ್ದರೆ ಕಣ್ಣುರಿದಾದರೂ ಎಚ್ಚರವಾಗುತ್ತಿತ್ತು!

ಹಾಗಾಗಿ ಎಂಜಿನ್ ಅಥವಾ ಜನರೇಟರ್ ಓಡುತ್ತಿರುವ ಗಾಡಿಯಲ್ಲಿ ಯಾರೂ ನಿದ್ರೆ ಮಾಡಬಾರದು. ಗಾಜು ಎರಡು ಬೆರಳು ಇಳಿಸಿದರೆ ಸಾಕು ಎಂಬುದು ಸುಳ್ಳು ಧೈರ್ಯ. ಗಾಳಿಯ ದಿಕ್ಕು ತಿರುಗಿದರೆ ಅದೇ ಸಂದಿನಿಂದ ಹೊಗೆ ಒಳಗೆ ಬರುತ್ತದೆ. ಹೊರಗಿಡುವ ಜನರೇಟರ್ ಆದರೆ ಗಾಡಿಯಿಂದ ಕನಿಷ್ಠ 20 ಅಡಿ ದೂರವಿರಲಿ, ಹೊಗೆಯ ಬಾಯಿ ಆಚೆಗೆ ತಿರುಗಿರಲಿ. ಒಳಗೆ ಅಡುಗೆ ಮಾಡುವಾಗ ಕಿಟಕಿ ಪೂರ್ತಿ ತೆರೆಯಿರಿ, ಚಳಿಗೆಂದು ಗ್ಯಾಸ್ ಒಲೆ ಹಚ್ಚಿಡಬೇಡಿ. ಈ ಅನಿಲ ಬಂದರೆ ಕೂಗುವ, ಬ್ಯಾಟರಿಯ ಚಿಕ್ಕ ಯಂತ್ರ ಸಿಗುತ್ತದೆ. ಕ್ಯಾರವಾನ್ ಬಾಡಿಗೆಗೆ ಕೊಡುವವರು ಅದನ್ನು ಇಡಲೇಬೇಕೆಂದು ನಾವು ಎಲ್ಲರೂ ಒತ್ತಾಯಿಸಬೇಕು. ಯಾರಾದರೂ ಒಳಗೆ ಪ್ರಜ್ಞೆ ತಪ್ಪಿದ್ದರೆ ಬಾಗಿಲುಗಳನ್ನೆಲ್ಲ ತೆರೆದು, ಎಂಜಿನ್ ಆರಿಸಿ, ಅವರನ್ನು ಹೊರಗಿನ ಗಾಳಿಗೆ ಎಳೆದು ತಂದು 108ಕ್ಕೆ ಕರೆ ಮಾಡಿ. ಎಚ್ಚರವಾಯಿತೆಂದು ಮನೆಗೆ ಕರೆದೊಯ್ಯಬೇಡಿ. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು, ಆಸ್ಪತ್ರೆಯಲ್ಲಿ ಮುಖವಾಡದಿಂದ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. "ಗಾಡಿಯ ಹೊಗೆ ಕುಡಿದಿರಬಹುದು" ಎಂದು ವೈದ್ಯರಿಗೆ ನೀವೇ ಹೇಳಬೇಕು, ಅವರಿಗೆ ಅದು ಮುಖ ನೋಡಿ ತಿಳಿಯುವುದಿಲ್ಲ.

ಮೈಸೂರಿಗೆ ರಾತ್ರಿಯೇ ಹೋಗಬೇಕೆಂದಿದ್ದರೆ ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ಸುತ್ತು ದಾರಿಯಿದೆ. ಮುತ್ತಂಗದ ದಾರಿಯೇ ಬೇಕೆಂದರೆ ಬತ್ತೇರಿಯಲ್ಲಿ ಉಳಿದು ಬೆಳಿಗ್ಗೆ 6ಕ್ಕೆ ಹೊರಡಿ. ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗಿದರೆ ಆನೆಯ ಭಯವೂ ಸೇರುತ್ತದೆ. ಕ್ಯಾರವಾನ್ ಗೊತ್ತು ಮಾಡುವವರು ಮುಂಗಡ ಕೊಡುವ ಮೊದಲು ಜನರೇಟರ್ ಎಲ್ಲಿದೆ ಎಂದು ಕೇಳಿ. ತಳದಲ್ಲಿದೆ ಎಂದರೆ ಒಳಗಿನ ಚಾಪೆ ಎತ್ತಿಸಿ, ಒಬ್ಬರು ಕೆಳಗಿನಿಂದ ಟಾರ್ಚ್ ಬಿಡಲಿ, ಇನ್ನೊಬ್ಬರು ಒಳಗಿನಿಂದ ನೋಡಲಿ. ಎಲ್ಲಾದರೂ ಬೆಳಕು ಕಂಡರೆ ಆ ಗಾಡಿ ಬೇಡ.